ಎರಡು ಎಚ್ ಗೇಟು, ಒಂದು ಮೈನಸ್: ಕ್ವಾಂಟಮ್ ಕಂಪ್ಯೂಟಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಯ ಪ್ರಶ್ನೋತ್ತರ ಅಂಕಣ ಪೂರ್ತಿ ಕ್ವಾಂಟಮ್ ಕಂಪ್ಯೂಟಿಂಗ್‌ಗೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ, ಉದ್ದನೆಯ ಪತ್ರಗಳನ್ನು ಮೊಟಕು ಮಾಡಿದ್ದೇವೆ. ಮೊದಲ ಮತ್ತು ಮೂರನೆಯ ಉತ್ತರಗಳಲ್ಲಿ ಸ್ವಲ್ಪ ಲೆಕ್ಕವಿದೆ. ಹಾಳೆ, ಪೆನ್ನು ಹಿಡಿದು ಕೂತರೆ ಒಳ್ಳೆಯದು.

ಪ್ರಶ್ನೆ: ಕ್ಯೂಬಿಟ್ ಅಂದರೆ ಮೇಜಿನ ಮೇಲೆ ಗಿರಗಿರನೆ ತಿರುಗುವ ನಾಣ್ಯ, ಅದು ಸೊನ್ನೆಯೂ ಹೌದು ಒಂದೂ ಹೌದು ಎಂದು ವಿಡಿಯೊ ಒಂದರಲ್ಲಿ ವಿವರಿಸಿದ್ದರು. ಹಾಗಾದರೆ ಅದು ಚೀಟಿ ಎತ್ತಿದಂತೆಯೇ ಆಯಿತಲ್ಲ ಸರ್? ಅದರಿಂದ ಲೆಕ್ಕ ಮಾಡುವುದು ಹೇಗೆ?
(ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ)

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್) ಬರೀ ತಿರುಗುವ ನಾಣ್ಯವಾಗಿದ್ದರೆ ಅದರಿಂದ ಏನೂ ಉಪಯೋಗವಿರಲಿಲ್ಲ. ನಾಣ್ಯದ ಹೋಲಿಕೆಯಲ್ಲಿ ಬಿಟ್ಟುಹೋಗುವುದೇ ಇಲ್ಲಿ ಮುಖ್ಯವಾದ ಸಂಗತಿ.

ನಾಣ್ಯಕ್ಕಿರುವುದು ಸಂಭವನೀಯತೆ. ಅದು 0 ಮತ್ತು 1ರ ನಡುವಿನ ಸಂಖ್ಯೆ, ಎಂದಿಗೂ ಋಣವಾಗುವುದಿಲ್ಲ. ಕ್ಯೂಬಿಟ್‌ಗೆ ಇರುವುದು ಆಂಪ್ಲಿಟ್ಯೂಡ್: 0ಗೆ ಒಂದು ಸಂಖ್ಯೆ, 1ಕ್ಕೆ ಇನ್ನೊಂದು. ಇವು ಧನವಾಗಿರಬಹುದು, ಋಣವಾಗಿರಬಹುದು, ಪ್ರಥಮ ಪಿಯುನಲ್ಲಿ ಕಲಿತ ಕಾಂಪ್ಲೆಕ್ಸ್ ಸಂಖ್ಯೆಗಳೂ ಆಗಿರಬಹುದು. ಅಳತೆ ಮಾಡಿದಾಗ 0 ಸಿಗುವ ಸಂಭವನೀಯತೆ ಎಷ್ಟೆಂದು ತಿಳಿಯಲು ಅದರ ಆಂಪ್ಲಿಟ್ಯೂಡಿನ ಪರಿಮಾಣವನ್ನು ವರ್ಗ ಮಾಡಬೇಕು. 1ಕ್ಕೂ ಹಾಗೆಯೇ. ಎರಡು ವರ್ಗಗಳ ಮೊತ್ತ ಯಾವಾಗಲೂ 1.

ಋಣ ಸಂಖ್ಯೆ ಬಂದರೆ ಏನು ಬದಲಾಗುತ್ತದೆ? ಒಂದೇ ಉತ್ತರಕ್ಕೆ ಎರಡು ದಾರಿಗಳಿದ್ದು, ಒಂದು ದಾರಿಯಿಂದ ಪ್ಲಸ್, ಇನ್ನೊಂದರಿಂದ ಮೈನಸ್ ಬಂದರೆ ಎರಡೂ ಸೇರಿ ಸೊನ್ನೆಯಾಗುತ್ತವೆ. ಆ ಉತ್ತರ ಸಿಗುವ ಸಾಧ್ಯತೆಯೇ ಅಳಿಸಿಹೋಗುತ್ತದೆ. ನಾಣ್ಯಗಳ ಲೋಕದಲ್ಲಿ ಇದು ನಡೆಯುವುದೇ ಇಲ್ಲ. ನಿಮ್ಮ ಭೌತಶಾಸ್ತ್ರ ಪಠ್ಯದಲ್ಲಿ ಯಂಗ್ ಅವರ ಜೋಡಿ ಸೀಳುಗಂಡಿ ಪ್ರಯೋಗದ ಕಪ್ಪು ಪಟ್ಟಿಗಳಿಗೆ ಕಾರಣವಾದ ವ್ಯತಿಕರಣವೇ ಇದು.

ಈಗ ಲೆಕ್ಕ. ಗೇಟ್ ಅಂದರೆ ಆಂಪ್ಲಿಟ್ಯೂಡುಗಳನ್ನು ಬದಲಿಸುವ ಒಂದು ಹೆಜ್ಜೆ. ಹ್ಯಾಡಮಾರ್ಡ್ ಗೇಟ್ ಎಂಬುದಿದೆ, ಸರ್ಕ್ಯೂಟ್ ಚಿತ್ರಗಳಲ್ಲಿ ಬರೀ ಎಚ್ ಎಂದು ಬರೆಯುತ್ತಾರೆ. ಅದರ ನಿಯಮ ಇಷ್ಟೇ: 0 ಬಂದರೆ (0.707, 0.707) ಮಾಡುತ್ತದೆ, 1 ಬಂದರೆ (0.707, −0.707) ಮಾಡುತ್ತದೆ. 0.707 ಅಂದರೆ 2ರ ವರ್ಗಮೂಲದಿಂದ 1ನ್ನು ಭಾಗಿಸಿದ್ದು, ಅದರ ವರ್ಗ ಅರ್ಧ. ಆದ್ದರಿಂದ 0ಯಿಂದ ಹೊರಟು ಒಂದು ಎಚ್ ದಾಟಿ ಅಳೆದರೆ ಶೇ 50 ಸಲ 0, ಶೇ 50 ಸಲ 1. ಇಲ್ಲಿಯವರೆಗೆ ನಾಣ್ಯಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅಳೆಯದೆ ಇನ್ನೊಂದು ಎಚ್ ಹಾಕಿ. 0ಗೆ ತಲುಪುವ ಎರಡು ದಾರಿಗಳು: 0.707 × 0.707 = 0.5, ಮತ್ತೆ 0.707 × 0.707 = 0.5. ಮೊತ್ತ 1. 1ಕ್ಕೆ ತಲುಪುವ ದಾರಿಗಳು: 0.5 ಮತ್ತು −0.5. ಮೊತ್ತ ಸೊನ್ನೆ. ಅಂದರೆ ಎರಡು ಎಚ್ ಸೇರಿದರೆ ಖಂಡಿತವಾಗಿ 0 ಬರುತ್ತದೆ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಮೊದಲಿನ ಮುಖವೇ ಮೇಲೆ ಬರುತ್ತದೆ ಎಂದು ಯಾರೂ ಬರೆದುಕೊಡಲಾರರು.

ಇದನ್ನು ಮನೆಯಲ್ಲೇ ನೋಡಬಹುದು. ಕ್ವರ್ಕ್ ಎಂಬ ಉಚಿತ ಸಿಮ್ಯುಲೇಟರ್ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ಲಾಗಿನ್ ಬೇಡ, 16 ಕ್ಯೂಬಿಟ್‌ವರೆಗೆ ಓಡುತ್ತದೆ. ಮೊಬೈಲ್‌ಗಿಂತ ಲ್ಯಾಪ್‌ಟಾಪ್‌ನಲ್ಲಿ ಗೇಟ್‌ಗಳನ್ನು ಎಳೆಯುವುದು ಸುಲಭ. ಮೇಲಿನ ತಂತಿಯ ಮೇಲೆ ಒಂದು ಎಚ್ ಎಳೆದು ಹಾಕಿ, ಬಲತುದಿಯಲ್ಲಿ ಶೇ 50 ಕಾಣುತ್ತದೆ. ಎರಡನೆಯ ಎಚ್ ಹಾಕಿದ ತಕ್ಷಣ ಅದು ‘ಆಫ್’ ಆಗುತ್ತದೆ. ಈಗ ಎರಡರ ನಡುವೆ ಜೆಡ್ ಗೇಟ್ ತುರುಕಿ. ಜೆಡ್ ಮಾಡುವ ಕೆಲಸ ಒಂದೇ, 1ರ ಆಂಪ್ಲಿಟ್ಯೂಡಿಗೆ ಮೈನಸ್ ಹಚ್ಚುವುದು. ನಡುವೆ ಅಳೆದಿದ್ದರೆ ಜೆಡ್ ಇದ್ದರೂ ಇಲ್ಲದಿದ್ದರೂ ಶೇ 50 ಶೇ 50ರಷ್ಟೇ ಕಾಣುತ್ತಿತ್ತು, ಏಕೆಂದರೆ ವರ್ಗ ಮಾಡಿದರೆ ಮೈನಸ್ ಮಾಯ. ಆದರೆ ಕೊನೆಯ ಫಲ ತಲೆಕೆಳಗಾಗಿ ‘ಆನ್’ ತೋರಿಸುತ್ತದೆ. ಕಣ್ಣಿಗೆ ಬೀಳದ ಆ ಮೈನಸ್ಸೇ ಕ್ವಾಂಟಮ್ ಲೆಕ್ಕದ ಬಂಡವಾಳ.

ಇನ್ನೊಂದು ಹೆಜ್ಜೆ ತಪ್ಪದೆ ಮಾಡಿ. ಜೆಡ್ ತೆಗೆದುಹಾಕಿ. ಎರಡು ಎಚ್‌ಗಳ ನಡುವಿನ ಅದೇ ಕಂಬಸಾಲಿನಲ್ಲಿ ಮೇಲಿನ ತಂತಿಗೆ ಕಂಟ್ರೋಲ್‌ನ ಕಪ್ಪು ಚುಕ್ಕಿ, ಕೆಳಗಿನ ತಂತಿಗೆ ಎಕ್ಸ್ ಗೇಟ್ (ವೃತ್ತದೊಳಗೆ ಕೂಡು ಚಿಹ್ನೆ) ಇಡಿ. ಇದೇ ಸಿ-ನಾಟ್ ಗೇಟ್: ಮೇಲಿನದು 1 ಆಗಿದ್ದರೆ ಕೆಳಗಿನದನ್ನು ತಿರುಗಿಸು. ಮೇಲಿನ ಕ್ಯೂಬಿಟ್‌ಗೆ ನಾವು ಏನೂ ಮಾಡಿಲ್ಲ, ಅದು 0ಯೋ 1ಓ ಎಂಬ ಸುದ್ದಿ ಮಾತ್ರ ಪಕ್ಕದವನಿಗೆ ಹೋಗಿದೆ. ಅಷ್ಟಕ್ಕೇ ವ್ಯತಿಕರಣ ಕೆಟ್ಟು ಮೇಲಿನ ತಂತಿ ಮತ್ತೆ ಶೇ 50ಕ್ಕೆ ಬರುತ್ತದೆ. ಆ ಪಕ್ಕದವನ ಜಾಗದಲ್ಲಿ ಹಾದಿ ತಪ್ಪಿದ ಒಂದು ಮೈಕ್ರೋವೇವ್ ಫೋಟಾನ್ ಇದ್ದರೂ ಆಗುವುದು ಇದೇ. ಕ್ವಾಂಟಮ್ ಕಂಪ್ಯೂಟರ್ ಕಟ್ಟುವುದು ಏಕೆ ಇಷ್ಟು ಕಷ್ಟ ಎನ್ನುವುದಕ್ಕೆ ಇದಕ್ಕಿಂತ ಚಿಕ್ಕ ಪ್ರಯೋಗ ನಮಗೆ ಗೊತ್ತಿಲ್ಲ.

ಪ್ರಶ್ನೆ: ಮುಂದೆ ಮನೆಗೊಂದು ಕ್ವಾಂಟಮ್ ಲ್ಯಾಪ್‌ಟಾಪ್ ಬರುತ್ತದೆಯೇ? ಈಗ ಕಂಪ್ಯೂಟರ್ ಕೊಳ್ಳುವುದನ್ನು ಮುಂದೂಡಬೇಕೆ?
(ನಿವೃತ್ತ ನೌಕರರು, ತುಮಕೂರು)

ಉತ್ತರ: ಮುಂದೂಡಬೇಡಿ. ಪತ್ರ ಬರೆಯಲು, ಫೋಟೊ ನೋಡಲು, ತೆರಿಗೆ ಲೆಕ್ಕ ಹಾಕಲು ಕ್ವಾಂಟಮ್ ಯಂತ್ರ ಯಾವ ರೀತಿಯಲ್ಲೂ ವೇಗವಲ್ಲ. ಕೆಲವೇ ಬಗೆಯ ಲೆಕ್ಕಗಳಿಗೆ ಅದು ಬೇಕು, ಆಗಲೂ ಇಂಟರ್‌ನೆಟ್ ಮೂಲಕ ದೂರದ ಯಂತ್ರಕ್ಕೆ ಕೆಲಸ ಕಳಿಸುತ್ತಾರೆ. ಸೂಪರ್‌ಕಂಡಕ್ಟಿಂಗ್ ಬಗೆಯ ಯಂತ್ರವನ್ನು ಸುಮಾರು 15 ಮಿಲಿಕೆಲ್ವಿನ್‌ಗೆ, ಅಂದರೆ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೆಯ ಒಂದೂವರೆ ಭಾಗದಷ್ಟು ಮೇಲೆ ಇಡಬೇಕು. ಅದರ ಕ್ಯೂಬಿಟ್‌ಗಳು 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆ ಕಂಪನಾಂಕದ ಶಕ್ತಿ 0.24 ಕೆಲ್ವಿನ್ ಶಾಖಕ್ಕೆ ಸಮ. ಸುತ್ತಲಿನ ಶಾಖ ಅದಕ್ಕಿಂತ ಬಹಳ ಕಡಿಮೆ ಇದ್ದರೆ ಮಾತ್ರ ಕ್ಯೂಬಿಟ್ ತಾನಾಗಿ 0ಯಿಂದ 1ಕ್ಕೆ ಜಿಗಿಯದೆ ಸುಮ್ಮನಿರುತ್ತದೆ. ಅಯಾನುಗಳನ್ನೋ ಪರಮಾಣುಗಳನ್ನೋ ನಿರ್ವಾತದಲ್ಲಿ ಲೇಸರ್‌ನಿಂದ ಆಡಿಸುವ ಯಂತ್ರಗಳಿಗೆ ಈ ಫ್ರಿಜ್ ಬೇಡ, ಆದರೆ ಲೇಸರ್ ಮೇಜು, ನಿರ್ವಾತ ಪಂಪು ಬೇಕು. ಅದೂ ಮನೆಯಲ್ಲಿ ಇಡುವ ವಸ್ತುವಲ್ಲ.

ಪ್ರಶ್ನೆ: 300 ಕ್ಯೂಬಿಟ್ ಇದ್ದರೆ 2ರ ಘಾತ 300 ಉತ್ತರಗಳನ್ನು ಒಂದೇ ಏಟಿಗೆ ಪರೀಕ್ಷಿಸಬಹುದು ಎಂದು ಎಲ್ಲೆಡೆ ಬರೆಯುತ್ತಾರೆ. ಹಾಗಿದ್ದರೆ ಕ್ವಾಂಟಮ್ ಕಂಪ್ಯೂಟರ್ ಎಲ್ಲ ಕಷ್ಟದ ಲೆಕ್ಕಗಳನ್ನೂ ಬಿಡಿಸಬೇಕಲ್ಲವೇ? ಗ್ರೋವರ್ ವಿಧಾನವನ್ನು ಸಂಖ್ಯೆಗಳಲ್ಲಿ ತೋರಿಸಿ.
(ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಈ ವಾಕ್ಯದಷ್ಟು ಹೊಸಬರನ್ನು ದಾರಿ ತಪ್ಪಿಸಿದ್ದು ಬೇರೊಂದಿಲ್ಲ. 300 ಕ್ಯೂಬಿಟ್‌ಗಳಿಗೆ 2ರ ಘಾತ 300 ಆಂಪ್ಲಿಟ್ಯೂಡ್‌ಗಳಿರುವುದು ನಿಜ. ಆದರೆ ಅಳೆದಾಗ ಕೈಗೆ ಬರುವುದು ಒಂದೇ ಒಂದು ಉತ್ತರ, 300 ಬಿಟ್. ಎಲ್ಲವನ್ನೂ ಸಮನಾಗಿ ಹರಡಿ ಅಳೆದರೆ ಯಾವುದೋ ಒಂದು ಸಿಗುತ್ತದೆ, ಅದಕ್ಕೆ ಕ್ವಾಂಟಮ್ ಯಂತ್ರವೇ ಬೇಕಿಲ್ಲ. ಅಳೆಯುವ ಮೊದಲು ತಪ್ಪು ಉತ್ತರಗಳು ಒಂದನ್ನೊಂದು ಹೊಡೆದುಹಾಕಿ ಸರಿ ಉತ್ತರ ಉಬ್ಬುವಂತೆ ಪ್ಲಸ್ ಮೈನಸ್‌ಗಳನ್ನು ಹೊಂದಿಸುವುದೇ ಅಲ್ಗಾರಿದಂ ಕೆಲಸ. ಹಾಗೆ ಹೊಂದಿಸುವ ಉಪಾಯ ಕೆಲವು ಲೆಕ್ಕಗಳಿಗೆ ಮಾತ್ರ ಸಿಕ್ಕಿದೆ. 1994ರಲ್ಲಿ ಪೀಟರ್ ಶೋರ್ ಸಂಖ್ಯೆಗಳ ಅಪವರ್ತನಕ್ಕೆ ಕಂಡುಹಿಡಿದರು, 1996ರಲ್ಲಿ ಲವ್ ಗ್ರೋವರ್ ಹುಡುಕಾಟಕ್ಕೆ.

ಗ್ರೋವರ್ ವಿಧಾನವನ್ನು ಎರಡು ಕ್ಯೂಬಿಟ್‌ಗಳಲ್ಲಿ ಮಾಡೋಣ. ನಾಲ್ಕು ಸಾಧ್ಯತೆಗಳು: 00, 01, 10, 11. ಹುಡುಕುತ್ತಿರುವುದು 11 ಎಂದಿಟ್ಟುಕೊಳ್ಳಿ.

ಎರಡೂ ತಂತಿಗಳಿಗೆ ಎಚ್ ಹಾಕಿ. ನಾಲ್ಕೂ ಆಂಪ್ಲಿಟ್ಯೂಡ್‌ಗಳು ½, ½, ½, ½. ಆಮೇಲೆ ಗುರುತು ಹಾಕುವ ಭಾಗ. ಒಂದು ತಂತಿಗೆ ಕಂಟ್ರೋಲ್ ಚುಕ್ಕಿ, ಇನ್ನೊಂದಕ್ಕೆ ಜೆಡ್ ಇಟ್ಟರೆ 11ಕ್ಕೆ ಮಾತ್ರ ಮೈನಸ್ ಬೀಳುತ್ತದೆ: ½, ½, ½, −½. ಈಗ ಅಳೆದರೆ ಇನ್ನೂ ಎಲ್ಲವೂ ಶೇ 25. ಮುಂದಿನದು ಸರಾಸರಿಯ ಸುತ್ತ ಮಗುಚುವುದು. ಸರಾಸರಿ ¼. ಪ್ರತಿ ಸಂಖ್ಯೆಯನ್ನೂ ಸರಾಸರಿಯ ಎರಡರಷ್ಟರಿಂದ ಕಳೆಯಿರಿ. ½ − ½ = 0, ಇದು ಮೊದಲ ಮೂರಕ್ಕೆ. ½ + ½ = 1, ಇದು 11ಕ್ಕೆ. ಒಂದೇ ಸುತ್ತಿನಲ್ಲಿ ಶೇ 100. ಮಗುಚುವ ಭಾಗದ ಗೇಟ್‌ಗಳ ಕ್ರಮ ಹೀಗೆ: ಎರಡಕ್ಕೂ ಎಚ್, ಎರಡಕ್ಕೂ ಎಕ್ಸ್, ನಡುವೆ ಕಂಟ್ರೋಲ್-ಜೆಡ್, ಮತ್ತೆ ಎರಡಕ್ಕೂ ಎಕ್ಸ್, ಎರಡಕ್ಕೂ ಎಚ್. ಕ್ವರ್ಕ್‌ನಲ್ಲಿ ಹಾಕಿ ನೋಡಿದರೆ ಆಂಪ್ಲಿಟ್ಯೂಡಿನ ಚೌಕದಲ್ಲಿ 11ರ ಮನೆ ಮಾತ್ರ ತುಂಬಿರುತ್ತದೆ. ಅಲ್ಲಿ ಅದು +1 ಬದಲು −1 ಎಂದು ಕಂಡರೆ ಗಾಬರಿ ಬೇಡ. ಈ ಕ್ರಮದಲ್ಲಿ ಎಲ್ಲ ಆಂಪ್ಲಿಟ್ಯೂಡ್‌ಗಳಿಗೂ ಒಂದೇ ಮೈನಸ್ ಸೇರುತ್ತದೆ, ಎಲ್ಲಕ್ಕೂ ಒಟ್ಟಾಗಿ ಬಿದ್ದ ಮೈನಸ್‌ನಿಂದ ಯಾವ ಅಳತೆಯೂ ಬದಲಾಗುವುದಿಲ್ಲ.

ಇನ್ನೊಂದು ಸುತ್ತು ಹೆಚ್ಚಿಗೆ ಓಡಿಸಿದರೆ ಇನ್ನೂ ಖಚಿತವಾಗುತ್ತದೆ ಎಂದುಕೊಂಡರೆ ಕೆಟ್ಟಿತು. ಎರಡನೆಯ ಸುತ್ತಿನ ಕೊನೆಗೆ 11ರ ಸಂಭವನೀಯತೆ ಮತ್ತೆ ಶೇ 25ಕ್ಕೆ ಕುಸಿಯುತ್ತದೆ. ಬೆಲ್ಲದ ಪಾಕ ಎಳೆ ಬಂದ ಕ್ಷಣದಲ್ಲೇ ಇಳಿಸಬೇಕಲ್ಲ, ಹಾಗೆ ಇಲ್ಲೂ ಹದ ಮೀರಬಾರದು. ಒಟ್ಟು ಸಾಧ್ಯತೆಗಳ ವರ್ಗಮೂಲವನ್ನು 0.785ರಿಂದ ಗುಣಿಸಿದಷ್ಟು ಸುತ್ತುಗಳು ಸಾಕು. 8 ಸಾಧ್ಯತೆಗಳಿಗೆ 2 ಸುತ್ತು, ಆಗ ಸರಿ ಉತ್ತರದ ಸಂಭವನೀಯತೆ ಸುಮಾರು ಶೇ 94.5. 10 ಲಕ್ಷ ಸಾಧ್ಯತೆಗಳಿಗೆ ಸುಮಾರು 785 ಸುತ್ತು.

ಇಲ್ಲಿ ಜಾಣ ವಿದ್ಯಾರ್ಥಿಗಳು ತಡೆದು ಕೇಳುತ್ತಾರೆ: ಉತ್ತರ 11 ಎಂದು ಮೊದಲೇ ಗೊತ್ತಿದ್ದಕ್ಕೇ ತಾನೆ ಅದಕ್ಕೆ ಮೈನಸ್ ಹಾಕಿದ್ದು? ನಮ್ಮ ಪುಟ್ಟ ಉದಾಹರಣೆಯಲ್ಲಿ ಹೌದು. ನಿಜವಾದ ಬಳಕೆಯಲ್ಲಿ ಗುರುತು ಹಾಕುವ ಸರ್ಕ್ಯೂಟ್‌ಗೆ ಉತ್ತರ ಗೊತ್ತಿರುವುದಿಲ್ಲ, ಉತ್ತರವನ್ನು ಪರೀಕ್ಷಿಸುವ ನಿಯಮ ಮಾತ್ರ ಗೊತ್ತಿರುತ್ತದೆ. ತುಂಬಿದ ಸುಡೊಕು ಸರಿಯೇ ಎಂದು ನೋಡುವುದು ಸುಲಭ, ತುಂಬುವುದು ಕಷ್ಟ. ಇಂಥ ಕಡೆ ಗ್ರೋವರ್‌ಗೆ ಅರ್ಥವಿದೆ. ಫೋನ್ ನಂಬರ್‌ಗಳ ಪಟ್ಟಿಯಲ್ಲಿ ಒಂದನ್ನು ಹುಡುಕಲು ಇದನ್ನು ಬಳಸುತ್ತೇವೆ ಎನ್ನುವ ಉದಾಹರಣೆಯನ್ನು ನಾವು ಒಪ್ಪುವುದಿಲ್ಲ. 10 ಲಕ್ಷ ನಂಬರ್‌ಗಳನ್ನು ಯಂತ್ರಕ್ಕೆ ತುಂಬುವುದಕ್ಕೇ 10 ಲಕ್ಷ ಹೆಜ್ಜೆ ಹಿಡಿದರೆ 785 ಸುತ್ತಿನ ಉಳಿತಾಯ ಯಾವ ಮೂಲೆಗೂ ಸಾಲದು.

ಪ್ರಶ್ನೆ: ಎಂಟ್ಯಾಂಗಲ್ ಆದ (ಅಳತೆಯ ಫಲಗಳು ಒಂದಕ್ಕೊಂದು ಹೆಣೆದುಕೊಂಡ) ಎರಡು ಕ್ಯೂಬಿಟ್‌ಗಳಲ್ಲಿ ಒಂದನ್ನು ಶಿರಸಿಯಲ್ಲಿ, ಇನ್ನೊಂದನ್ನು ಚಂದ್ರನ ಮೇಲೆ ಇಟ್ಟರೆ ಬೆಳಕಿಗಿಂತ ಬೇಗ ಸಂದೇಶ ಕಳಿಸಬಹುದೇ ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ?
(ಪ್ರೌಢಶಾಲಾ ಶಿಕ್ಷಕಿ, ಶಿರಸಿ)

ಉತ್ತರ: ಆಗುವುದಿಲ್ಲ ಎಂದು ಧೈರ್ಯವಾಗಿ ಹೇಳಿ. ಕಾರಣವೂ ಸರಳ. ಶಿರಸಿಯವರು ಅಳೆದಾಗ 0 ಬರುತ್ತದೋ 1 ಬರುತ್ತದೋ ಅವರ ಕೈಯಲ್ಲಿಲ್ಲ. ಚಂದ್ರನ ಮೇಲಿದ್ದವರಿಗೂ ಅರ್ಧ ಸಲ 0, ಅರ್ಧ ಸಲ 1 ಕಾಣುತ್ತದೆ. ಇವರು ಅಳೆದರೂ ಅಳೆಯದಿದ್ದರೂ, ಹೇಗೆ ಅಳೆದರೂ, ಅಲ್ಲಿ ಕಾಣುವ ಪ್ರಮಾಣ ಬದಲಾಗದು. ಎರಡೂ ಕಡೆಯ ಪಟ್ಟಿಗಳನ್ನು ಒಂದೆಡೆ ತಂದು ಹೋಲಿಸಿದಾಗ ಮಾತ್ರ ಅವು ತಾಳೆಯಾಗುವುದು ಗೊತ್ತಾಗುತ್ತದೆ, ಪಟ್ಟಿ ತರಲು ಫೋನೋ ರೇಡಿಯೊವೋ ಬೇಕು. ತಾಳೆಯ ಪ್ರಮಾಣ ಮಾತ್ರ ಮೊದಲೇ ಬರೆದಿಟ್ಟ ಚೀಟಿಗಳಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚು. ಇದನ್ನು ಪ್ರಯೋಗದಿಂದ ತೋರಿಸಿದ್ದಕ್ಕೆ ಅಲೈನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಝೈಲಿಂಗರ್ ಅವರಿಗೆ 2022ರ ಭೌತಶಾಸ್ತ್ರ ನೊಬೆಲ್ ಬಂತು.

ಪ್ರಶ್ನೆ: ಹಳೆಯ ವಿಡಿಯೊ ನೋಡಿಕೊಂಡು ಕಿಸ್ಕಿಟ್ ಕಲಿಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಎರರ್ ಬರುತ್ತದೆ. ಬಂದ ಉತ್ತರಗಳೂ ತಲೆಕೆಳಗಾಗಿರುತ್ತವೆ. ನನ್ನ ಲ್ಯಾಪ್‌ಟಾಪ್‌ಗೆ 8 ಜಿಬಿ ರ‍್ಯಾಮ್ ಇದೆ, ಸಾಕೇ?
(ಬಿಸಿಎ ವಿದ್ಯಾರ್ಥಿ, ಕಲಬುರಗಿ)

ಉತ್ತರ: ನಿಮ್ಮ ಲ್ಯಾಪ್‌ಟಾಪ್ ಸರಿಯಾಗಿದೆ, ವಿಡಿಯೊ ಹಳತಾಗಿದೆ. ಐಬಿಎಂನವರ ಕಿಸ್ಕಿಟ್ (ಕ್ವಾಂಟಮ್ ಸರ್ಕ್ಯೂಟ್ ಬರೆದು ಓಡಿಸುವ ಪೈಥಾನ್ ತಂತ್ರಾಂಶ) 2024ರ ಫೆಬ್ರವರಿಯಲ್ಲಿ 1.0 ಆವೃತ್ತಿಗೆ ಬಂದಾಗ ಹಳೆಯ ಎಷ್ಟೋ ಸಾಲುಗಳು ಕೆಲಸ ನಿಲ್ಲಿಸಿದವು. ‘ಎಕ್ಸಿಕ್ಯೂಟ್’ ಎಂಬ ಫಂಕ್ಷನ್ ಈಗ ಇಲ್ಲ. ‘ಏರ್’ ಸಿಮ್ಯುಲೇಟರ್ ಕಿಸ್ಕಿಟ್ ಒಳಗಿಲ್ಲ, ಕಿಸ್ಕಿಟ್-ಏರ್ ಎಂಬ ಬೇರೆ ಪ್ಯಾಕೇಜ್. ‘ಐಬಿಎಂಕ್ಯೂ’ ಎಂಬುದೂ ಹೋಯಿತು, ಅದರ ಜಾಗದಲ್ಲಿ ಕಿಸ್ಕಿಟ್-ಐಬಿಎಂ-ರನ್‌ಟೈಮ್. ಈ ಮೂರರಲ್ಲಿ ಯಾವುದಾದರೂ ಒಂದು ಪಾಠದ ಮೊದಲ ಪರದೆಯಲ್ಲಿ ಕಂಡರೆ ಆ ಪಾಠ ಬಿಟ್ಟು ಹೊಸದು ಹುಡುಕಿ, ರಿಪೇರಿ ಮಾಡುತ್ತ ಕೂರಬೇಡಿ.

ಇನ್‌ಸ್ಟಾಲ್ ಹೀಗೆ ಮಾಡಿ. ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಇರಲಿ. ಮೊದಲು ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ತೆರೆಯಿರಿ, ಇದನ್ನು ಬಿಡಲೇಬೇಡಿ. 0.46ರಂಥ ಹಳೆಯ ಕಿಸ್ಕಿಟ್ ಇದ್ದ ಜಾಗದಲ್ಲೇ ಅಪ್‌ಗ್ರೇಡ್ ಮಾಡಿದರೆ ಎರಡು ಆವೃತ್ತಿಗಳ ಕಡತಗಳು ಕಲಸಿಹೋಗಿ ಇಂಪೋರ್ಟ್ ಸಾಲಿನಲ್ಲೇ ಎರರ್ ಬರುತ್ತದೆ. ನಿಮಗೆ ಬಂದಿರುವುದು ಅದೂ ಇರಬಹುದು. ಆಮೇಲೆ ಪಿಪ್ ಮೂಲಕ ಕಿಸ್ಕಿಟ್, ಕಿಸ್ಕಿಟ್-ಏರ್ ಎರಡನ್ನೂ ಒಟ್ಟಿಗೆ ಹಾಕಿ. ಸರ್ಕ್ಯೂಟ್ ಚಿತ್ರ ಚೆನ್ನಾಗಿ ಕಾಣಬೇಕಾದರೆ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಬೇಕು.

ಮೊದಲ ಪ್ರೋಗ್ರಾಂ ಬೆಲ್ ಸ್ಥಿತಿಯದ್ದಾಗಿರಲಿ, ಅಂದರೆ ಎರಡು ಕ್ಯೂಬಿಟ್ ಎಂಟ್ಯಾಂಗಲ್ ಆದ ಸರಳ ಸ್ಥಿತಿ: ಎರಡು ಕ್ಯೂಬಿಟ್, 0ನೆಯದಕ್ಕೆ ಎಚ್, 0ಯಿಂದ 1ಕ್ಕೆ ಸಿ-ನಾಟ್, ಕೊನೆಗೆ ‘ಮೆಷರ್-ಆಲ್’. ಸಿಮ್ಯುಲೇಟರ್‌ನಲ್ಲಿ 1000 ಸಲ ಓಡಿಸಿದರೆ 00 ಮತ್ತು 11 ಮಾತ್ರ ಬರಬೇಕು. ತಲಾ 500 ಸರಿಯಾಗಿ ಬರುವುದಿಲ್ಲ. 1000 ಸಲಕ್ಕೆ ಹದಿನಾರರಷ್ಟು ಆಚೀಚೆ ಆಗುವುದು ಸಹಜ, 470–530ರ ಒಳಗಿದ್ದರೆ ಅನುಮಾನ ಪಡಬೇಡಿ. 600–400 ಬಂದರೆ ಎಲ್ಲೋ ತಪ್ಪಿದೆ.

ಅಳತೆಯ ಸಾಲು ಮರೆತರೆ ಕೌಂಟ್ಸ್ (ಯಾವ ಉತ್ತರ ಎಷ್ಟು ಸಲ ಬಂತೆಂಬ ಎಣಿಕೆ) ಬರುವುದಿಲ್ಲ. ಸರ್ಕ್ಯೂಟ್ ಓಡಿಸಿ ಫಲಿತಾಂಶ ಕೊಡುವ ಸ್ಯಾಂಪ್ಲರ್ ಬಳಸುವಾಗ ಇನ್ನೊಂದು ತೊಡಕು: ‘ಮೆಷರ್-ಆಲ್’ ಹಾಕಿದ್ದರೆ ಫಲಿತಾಂಶ ‘ಮೀಸ್’ ಎಂಬ ಹೆಸರಿನಡಿ ಕೂತಿರುತ್ತದೆ, ನೀವೇ ಕ್ಲಾಸಿಕಲ್ ಬಿಟ್‌ಗಳನ್ನು ಸರ್ಕ್ಯೂಟ್ ಜೊತೆಗೇ ಕೇಳಿದ್ದರೆ ‘ಸಿ’ ಎಂಬ ಹೆಸರಿನಡಿ. ಹೆಸರು ತಪ್ಪಿದರೆ ‘ಅಂಥ ಗುಣ ಇಲ್ಲ’ ಎಂಬ ಎರರ್ ಬರುತ್ತದೆ.

ಉತ್ತರ ತಲೆಕೆಳಗಾಗುವುದು ತಪ್ಪಲ್ಲ, ಕಿಸ್ಕಿಟ್‌ನ ರೂಢಿ. ಅದು 0ನೆಯ ಕ್ಯೂಬಿಟ್ಟನ್ನು ಬಲತುದಿಗೆ ಬರೆಯುತ್ತದೆ. ಮೂರು ಕ್ಯೂಬಿಟ್‌ಗಳಲ್ಲಿ 0ನೆಯದಕ್ಕೆ ಮಾತ್ರ ಎಕ್ಸ್ ಹಾಕಿದರೆ 001 ಎಂದು ಬರುತ್ತದೆ, 100 ಅಲ್ಲ. ಹೆಚ್ಚಿನ ಪಠ್ಯಪುಸ್ತಕಗಳ ಕ್ರಮ ಇದಕ್ಕೆ ಉಲ್ಟಾ. ಹೊಸ ಸರ್ಕ್ಯೂಟ್ ಬರೆದಾಗಲೆಲ್ಲ ಈ ಒಂದು ಎಕ್ಸ್ ಪರೀಕ್ಷೆ ಮಾಡಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಇನ್ನು ರ‍್ಯಾಮ್. ಪೂರ್ತಿ ಸ್ಥಿತಿಯನ್ನು ಇಟ್ಟುಕೊಳ್ಳುವ ಸಿಮ್ಯುಲೇಟರ್‌ಗೆ ಪ್ರತಿ ಆಂಪ್ಲಿಟ್ಯೂಡಿಗೆ 16 ಬೈಟ್ ಬೇಕು. 20 ಕ್ಯೂಬಿಟ್‌ಗೆ 16 ಎಂಬಿ ಸಾಕು. 28ಕ್ಕೆ 4 ಜಿಬಿ. 30ಕ್ಕೆ 16 ಜಿಬಿ. ಒಂದೊಂದು ಕ್ಯೂಬಿಟ್ ಏರಿದ ಹಾಗೆ ದುಪ್ಪಟ್ಟು. ನಿಮ್ಮ 8 ಜಿಬಿಯಲ್ಲಿ 27, 28ರವರೆಗೆ ಹೋಗಬಹುದು, ಕಲಿಯಲು 10 ದಾಟುವ ಅಗತ್ಯವೇ ಬೀಳದು. 50 ಕ್ಯೂಬಿಟ್‌ಗೆ ಇದೇ ಲೆಕ್ಕ ಹಾಕಿದರೆ 1.6 ಕೋಟಿ ಜಿಬಿಗೂ ಹೆಚ್ಚು. ಕ್ವಾಂಟಮ್ ಯಂತ್ರವನ್ನೇ ಕಟ್ಟಬೇಕು ಎಂದು ಜನ ಏಕೆ ಹಟ ಹಿಡಿದಿದ್ದಾರೆ ಎನ್ನುವುದು ಈ ಒಂದು ಸಂಖ್ಯೆಯಲ್ಲಿದೆ.

ಪ್ರಶ್ನೆ: ಅದೇ ಬೆಲ್ ಸರ್ಕ್ಯೂಟನ್ನು ಕ್ಲೌಡ್ ಮೂಲಕ ನಿಜವಾದ ಯಂತ್ರದಲ್ಲಿ 4000 ಸಲ ಓಡಿಸಿದೆ. 00, 11ರ ಜೊತೆಗೆ 01, 10 ಕೂಡ ನೂರರಷ್ಟು ಬಂದವು. ಕೋಡ್ ತಪ್ಪೇ? ನೂರಾರು ಕ್ಯೂಬಿಟ್‌ಗಳ ಯಂತ್ರವಿದ್ದೂ ದೊಡ್ಡ ಲೆಕ್ಕ ಏಕೆ ಆಗುತ್ತಿಲ್ಲ?
(ಸಾಫ್ಟ್‌ವೇರ್ ಉದ್ಯೋಗಿ, ಪುಣೆ)

ಉತ್ತರ: ಕೋಡ್ ಸರಿಯಿದೆ. 4000ಕ್ಕೆ ನೂರು ಎಂದರೆ ಶೇ 2.5, ಇಂದಿನ ಸೂಪರ್‌ಕಂಡಕ್ಟಿಂಗ್ ಯಂತ್ರಕ್ಕೆ ಅದು ಸಹಜ. ಇದರಲ್ಲಿ ದೊಡ್ಡ ಪಾಲು ಅಳತೆಯ ತಪ್ಪು: 1 ಇದ್ದದ್ದನ್ನು 0 ಎಂದು ಓದುವುದು, ಅಥವಾ ಅದಲುಬದಲು. ಒಂದೊಂದು ಕ್ಯೂಬಿಟ್‌ಗೆ ಇದು ಶೇ 1ರ ಆಸುಪಾಸು ಇರುತ್ತದೆ. ಎರಡನೆಯದು ಎರಡು ಕ್ಯೂಬಿಟ್ ಗೇಟ್‌ನ ತಪ್ಪು, ಸಾವಿರಕ್ಕೆ ಕೆಲವು. ಮೂರನೆಯದು ಕ್ಯೂಬಿಟ್ 1ರಿಂದ 0ಗೆ ತಾನಾಗಿ ಜಾರುವುದು. ಈ ಜಾರಿಕೆಯ ಕಾಲವನ್ನು ಟಿ-ಒನ್ ಎನ್ನುತ್ತಾರೆ, ನೂರು ಇನ್ನೂರು ಮೈಕ್ರೋಸೆಕೆಂಡ್ ಇರುತ್ತದೆ. ಜಾರುವುದು ಒಂದೇ ದಿಕ್ಕಿಗೆ, ಆದ್ದರಿಂದ ನಿಮ್ಮ ಫಲಿತಾಂಶದಲ್ಲಿ 11ರ ಎಣಿಕೆ 00ಕ್ಕಿಂತ ತುಸು ಕಡಿಮೆ ಇದ್ದರೆ ಕಾರಣ ಇದೇ. ಪರಿಶೀಲಿಸಿ ನೋಡಿ.

ಕೆಲಸ ಕಳಿಸುವ ಮುನ್ನ ಸರ್ಕ್ಯೂಟನ್ನು ಆ ಯಂತ್ರಕ್ಕೆ ತಕ್ಕಂತೆ ಟ್ರಾನ್ಸ್‌ಪೈಲ್ ಮಾಡಿಯೇ ಕಳಿಸಬೇಕು, ಇಲ್ಲದಿದ್ದರೆ ಐಬಿಎಂ ಯಂತ್ರ ತೆಗೆದುಕೊಳ್ಳುವುದೇ ಇಲ್ಲ. ಟ್ರಾನ್ಸ್‌ಪೈಲ್ ಆದ ಚಿತ್ರವನ್ನು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಚಿಪ್ ಮೇಲೆ ಪಕ್ಕಪಕ್ಕ ಇಲ್ಲದ ಕ್ಯೂಬಿಟ್‌ಗಳ ನಡುವೆ ಗೇಟ್ ಕೇಳಿದರೆ ಸ್ವಾಪ್‌ಗಳು ಸೇರಿಕೊಳ್ಳುತ್ತವೆ, ಎರಡು ಕ್ಯೂಬಿಟ್ ಸ್ಥಿತಿಗಳನ್ನು ಅದಲುಬದಲು ಮಾಡುವ ಒಂದು ಸ್ವಾಪ್ ಅಂದರೆ ಮೂರು ಸಿ-ನಾಟ್. ನೀವು ಬರೆದದ್ದು 10 ಗೇಟು, ಓಡಿದ್ದು 40 ಎಂಬಂಥ ಪ್ರಸಂಗ ಇದರಿಂದಲೇ ಬರುವುದು.

ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗೇಟ್ ಒಂದಕ್ಕೆ ಶೇ 0.5 ತಪ್ಪು ಎಂದಿಟ್ಟುಕೊಳ್ಳಿ. 100 ಗೇಟ್‌ಗಳ ಸರ್ಕ್ಯೂಟ್ ಒಂದೂ ತಪ್ಪಿಲ್ಲದೆ ಮುಗಿಯುವ ಸಾಧ್ಯತೆ ಸುಮಾರು ಶೇ 61. 500 ಗೇಟ್‌ಗೆ ಶೇ 8. 1000ಕ್ಕೆ ಶೇ 1 ಕೂಡ ಇಲ್ಲ. ದೊಡ್ಡ ಸಂಖ್ಯೆಯ ಅಪವರ್ತನಕ್ಕೆ ಕೋಟಿಗಟ್ಟಲೆ ಗೇಟ್‌ಗಳೂ ಸಾಲವು. ಸಾಮಾನ್ಯ ಕಂಪ್ಯೂಟರ್‌ನಲ್ಲಾದರೆ ಬಿಟ್ ಒಂದರ ಮೂರು ನಕಲು ಇಟ್ಟುಕೊಂಡು ಬಹುಮತ ನೋಡಬಹುದು. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಬರುವುದಿಲ್ಲ ಎಂಬುದು 1982ರಲ್ಲೇ ಸಿದ್ಧವಾದ ಪ್ರಮೇಯ. ಹೀಗಾಗಿ ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಹತ್ತಾರು ಕ್ಯೂಬಿಟ್‌ಗಳಲ್ಲಿ ಹೆಣೆದು ಹರಡುತ್ತಾರೆ, ಮಾಹಿತಿಯನ್ನೇ ಅಳೆಯದೆ ಅಕ್ಕಪಕ್ಕದವು ಹೊಂದುತ್ತವೆಯೇ ಎಂಬುದನ್ನಷ್ಟೇ ಮತ್ತೆ ಮತ್ತೆ ಅಳೆದು ತಪ್ಪು ಎಲ್ಲಾಯಿತು ಎಂದು ಪತ್ತೆ ಹಚ್ಚುತ್ತಾರೆ. 2024ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ 105 ಕ್ಯೂಬಿಟ್‌ಗಳ ವಿಲೋ ಚಿಪ್‌ನಲ್ಲಿ ತೋರಿಸಿದ್ದು ಇದನ್ನೇ: ಹೆಣಿಗೆಯ ಚೌಕವನ್ನು 3×3ರಿಂದ 5×5ಕ್ಕೆ, ಅಲ್ಲಿಂದ 7×7ಕ್ಕೆ ಹಿಗ್ಗಿಸಿದಾಗ ಪ್ರತಿ ಹೆಜ್ಜೆಗೂ ತಪ್ಪಿನ ಪ್ರಮಾಣ ಅರ್ಧಕ್ಕಿಳಿಯಿತು. ಅದಕ್ಕೂ ಮುನ್ನ, ಕ್ಯೂಬಿಟ್ ಹೆಚ್ಚಿಸಿದಷ್ಟೂ ತಪ್ಪೂ ಹೆಚ್ಚುವುದೇ ಸಾಮಾನ್ಯವಾಗಿತ್ತು. ನಮ್ಮ ದೃಷ್ಟಿಯಲ್ಲಿ ಈ ಕ್ಷೇತ್ರದ ಇತ್ತೀಚಿನ ಸುದ್ದಿಗಳಲ್ಲೆಲ್ಲ ತೂಕದ ಸುದ್ದಿ ಅದು. ಆದರೂ ಅಷ್ಟೆಲ್ಲ ಫಿಸಿಕಲ್ (ಚಿಪ್ ಮೇಲೆ ನಿಜವಾಗಿ ಇರುವ) ಕ್ಯೂಬಿಟ್ ಸೇರಿ ಆದದ್ದು ಒಂದು ಲಾಜಿಕಲ್ (ಹೆಣೆದು ತಪ್ಪು ತಿದ್ದಿದ) ಕ್ಯೂಬಿಟ್. ಇನ್ನು ಮುಂದೆ ಯಾವುದೇ ಸುದ್ದಿಯಲ್ಲಿ ‘ಇಷ್ಟು ಕ್ಯೂಬಿಟ್’ ಎಂದು ಓದಿದಾಗ ಅವು ಫಿಸಿಕಲ್ಲೋ ಲಾಜಿಕಲ್ಲೋ, ಎರಡು ಕ್ಯೂಬಿಟ್ ಗೇಟ್‌ನ ತಪ್ಪು ಎಷ್ಟು ಎಂದು ಮೊದಲು ನೋಡಿ.

ಪ್ರಶ್ನೆ: ಕ್ವಾಂಟಮ್ ಕಂಪ್ಯೂಟರ್ ಬಂದರೆ ಬ್ಯಾಂಕ್ ಖಾತೆ, ಯುಪಿಐ ಎಲ್ಲ ಬಯಲಾಗುತ್ತವಂತೆ. ನಮ್ಮಂಥವರು ಏನು ಮಾಡಬೇಕು?
(ಬಟ್ಟೆ ವ್ಯಾಪಾರಿ, ದಾವಣಗೆರೆ)

ಉತ್ತರ: ಇವತ್ತಿಗೆ ನಿಮ್ಮ ಹಣಕ್ಕೆ ಕ್ವಾಂಟಮ್‌ನಿಂದ ಅಪಾಯವಿಲ್ಲ. ಅಪಾಯ ಇರುವುದು ಒಟಿಪಿ ಕೇಳಿ ಬರುವ ಫೋನ್ ಕರೆಯಿಂದ.

ಮುಂದಿನ ಮಾತು ಬೇರೆ. ಇಂಟರ್‌ನೆಟ್‌ನಲ್ಲಿ ಬಹುಕಾಲದಿಂದ ಬಳಸುತ್ತಿರುವ ಆರ್‌ಎಸ್‌ಎ ಬೀಗದ ಭದ್ರತೆ ದೊಡ್ಡ ಸಂಖ್ಯೆಯ ಅಪವರ್ತನ ಕಷ್ಟ ಎಂಬುದರ ಮೇಲೆ ನಿಂತಿದೆ. ಶೋರ್ ವಿಧಾನ ಮುರಿಯುವುದು ಅದನ್ನೇ. 2048 ಬಿಟ್‌ಗಳ ಆರ್‌ಎಸ್‌ಎ ಮುರಿಯಲು 2 ಕೋಟಿ ಕ್ಯೂಬಿಟ್, 8 ಗಂಟೆ ಬೇಕು ಎಂದು 2019ರಲ್ಲಿ ಅಂದಾಜಿಸಿದ್ದರು. 2025ರ ಅಂದಾಜು 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರದೊಳಗೆ. ಅಂಥ ಯಂತ್ರ ಇನ್ನೂ ಇಲ್ಲ, ಆದರೆ ಬೇಕಾದ ಸಂಖ್ಯೆ ಇಳಿಯುತ್ತಿದೆ. ಇಂದು ಕದ್ದು ಕೂಡಿಟ್ಟ ಗುಟ್ಟನ್ನು ಹತ್ತು ವರ್ಷ ಬಿಟ್ಟು ಬಿಚ್ಚಬಹುದಾದ್ದರಿಂದ ಬೀಗ ಬದಲಿಸುವ ಕೆಲಸ ಈಗಲೇ ಶುರುವಾಗಿದೆ. ಅಮೆರಿಕದ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಕ್ವಾಂಟಮ್ ದಾಳಿ ತಡೆಯಬಲ್ಲ ಮೂರು ಹೊಸ ಮಾನದಂಡಗಳನ್ನು ಹೊರಡಿಸಿತು. ಈ ಹೊಸ ಬೀಗಗಳು ಓಡುವುದು ಸಾಮಾನ್ಯ ಕಂಪ್ಯೂಟರ್, ಫೋನ್‌ಗಳಲ್ಲೇ. ನೀವು ಮಾಡಬೇಕಾದ್ದು ಫೋನ್, ಬ್ರೌಸರ್, ಬ್ಯಾಂಕ್ ಆ್ಯಪ್‌ಗಳ ಅಪ್‌ಡೇಟ್ ಬಂದಾಗ ಹಾಕಿಕೊಳ್ಳುವುದು. ‘ಕ್ವಾಂಟಮ್ ಸುರಕ್ಷಾ’ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪ್ರಶ್ನೆ: ನಾನು ಬಿಎಸ್ಸಿ ಎರಡನೆಯ ವರ್ಷ, ಗೆಳೆಯ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಕರ್ನಾಟಕದಲ್ಲಿ ಈ ವಿಷಯಕ್ಕೆ ಎಲ್ಲಿ ಅವಕಾಶವಿದೆ? ಯಾವ ಗಣಿತದಿಂದ ಶುರು ಮಾಡಬೇಕು?
(ವಿದ್ಯಾರ್ಥಿ, ಮೈಸೂರು)

ಉತ್ತರ: ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು: 2030–31ರವರೆಗೆ ₹6,003.65 ಕೋಟಿ, 50ರಿಂದ 1000 ಫಿಸಿಕಲ್ ಕ್ಯೂಬಿಟ್‌ಗಳ ಯಂತ್ರದ ಗುರಿ. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್‌ನದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿ ಕ್ವಾಂಟಮ್ ಟೆಕ್ನಾಲಜಿಯಲ್ಲಿ ಎಂ.ಟೆಕ್ ಕೂಡ ಇದೆ, ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಫೋಟಾನ್‌ಗಳಿಂದ ಕ್ವಾಂಟಮ್ ಸಂವಹನದ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ಗಳ ಸೂಪರ್‌ಕಂಡಕ್ಟಿಂಗ್ ಯಂತ್ರ ಪ್ರಕಟಿಸಿತು.

ನಿಮ್ಮ ಗೆಳೆಯರು ಡಿಪ್ಲೊಮಾ ಎಂದು ಹಿಂಜರಿಯುವುದು ಬೇಡ. ಒಂದು ಯಂತ್ರದ ಸುತ್ತ ಬೇಕಾಗುವ ಕೆಲಸದಲ್ಲಿ ಅಲ್ಗಾರಿದಂ ಒಂದು ಪಾಲು ಮಾತ್ರ. ಮೈಕ್ರೋವೇವ್ ಪಲ್ಸ್ ತಯಾರಿಸುವ ಬೋರ್ಡು, ಎಫ್‌ಪಿಜಿಎ, ಕಡಿಮೆ ಗದ್ದಲದ ಆಂಪ್ಲಿಫೈಯರ್, ನಿರ್ವಾತ, ಹೀಲಿಯಂ ಕೊಳವೆ, ಕೇಬಲ್ ಬೆಸುಗೆ, ಇವುಗಳಲ್ಲಿ ಕೈಪಳಗಿದವರಿಲ್ಲದೆ ಯಂತ್ರ ತಣ್ಣಗಾಗುವುದೂ ಇಲ್ಲ, ಓಡುವುದೂ ಇಲ್ಲ.

ಗಣಿತ ಪಿಯುನಲ್ಲಿ ಓದಿದ್ದರಿಂದಲೇ ಶುರುವಾಗುತ್ತದೆ: ಕಾಂಪ್ಲೆಕ್ಸ್ ಸಂಖ್ಯೆ, ಮ್ಯಾಟ್ರಿಕ್ಸ್ ಗುಣಾಕಾರ, ಸಂಭವನೀಯತೆ. ಎಚ್, ಎಕ್ಸ್, ಜೆಡ್ ಮೂರನ್ನೂ 2×2 ಮ್ಯಾಟ್ರಿಕ್ಸ್ ಆಗಿ ಬರೆದು ಒಂದರಿಂದೊಂದನ್ನು ಕೈಯಲ್ಲೇ ಗುಣಿಸಿ. ಎಚ್-ಜೆಡ್-ಎಚ್ ಗುಣಿಸಿದರೆ ಎಕ್ಸ್ ಬರಬೇಕು, ಮೊದಲ ಉತ್ತರದ ‘ಆನ್’ ಬಂದದ್ದು ಅದಕ್ಕೇ. ಆಮೇಲೆ ಟೆನ್ಸರ್ ಗುಣಲಬ್ಧ ಕಲಿಯಿರಿ, ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಐಗನ್ ಮೌಲ್ಯಗಳು ಅದರ ನಂತರ. ಎನ್‌ಪಿಟಿಇಎಲ್‌ನಲ್ಲೂ ಐಬಿಎಂ ತಾಣದಲ್ಲೂ ಉಚಿತ ಪಾಠಗಳಿವೆ.

ಪಾಠ ಕೇಳುತ್ತಲೇ ನಂಪೈ (ಪೈಥಾನ್‌ನ ಗಣಿತದ ಲೈಬ್ರರಿ) ಬಳಸಿ ನಿಮ್ಮದೇ ಸಿಮ್ಯುಲೇಟರ್ ಬರೆಯಿರಿ, ಐವತ್ತರವತ್ತು ಸಾಲು ಸಾಕು. ಸ್ಥಿತಿಯನ್ನು 2ರ ಘಾತ ಕ್ಯೂಬಿಟ್ ಸಂಖ್ಯೆಯಷ್ಟು (3 ಕ್ಯೂಬಿಟ್ ಆದರೆ 8) ಉದ್ದದ ಕಾಂಪ್ಲೆಕ್ಸ್ ಸಂಖ್ಯೆಗಳ ಸಾಲಾಗಿ ಇಡಿ, ಮೊದಲನೆಯದು 1, ಉಳಿದವು 0. ಗೇಟ್ ಹಾಕುವುದು, ಅಳೆಯುವುದು, ಈ ಎರಡು ಫಂಕ್ಷನ್ ಇರಲಿ. ಪ್ರತಿ ಗೇಟ್ ನಂತರ ವರ್ಗಗಳ ಮೊತ್ತ 1 ಇದೆಯೇ ನೋಡಿ, ಇಲ್ಲದಿದ್ದರೆ 0.707 ಬಿಟ್ಟುಹೋಗಿರುತ್ತದೆ. ಎಚ್ ಎರಡು ಸಲ ಹಾಕಿದಾಗ ಮೊದಲಿನ ಸ್ಥಿತಿಯೇ ಬರಬೇಕು. ಬೆಲ್ ಸ್ಥಿತಿ, ಎರಡು ಕ್ಯೂಬಿಟ್‌ಗಳ ಗ್ರೋವರ್ ಎರಡನ್ನೂ ಓಡಿಸಿ ಕ್ವರ್ಕ್ ತೋರಿಸುವ ಆಂಪ್ಲಿಟ್ಯೂಡ್‌ಗಳ ಜೊತೆ ತಾಳೆ ಹಾಕಿ. ಹೊಂದದಿದ್ದರೆ ಗೇಟ್‌ಗಳನ್ನು ಅನುಮಾನಿಸುವ ಮೊದಲು ಕ್ಯೂಬಿಟ್‌ಗಳ ಕ್ರಮ ನೋಡಿ. ಕಿಸ್ಕಿಟ್‌ನಂತೆ ಕ್ವರ್ಕ್ ಕೂಡ ಮೇಲಿನ ತಂತಿಯನ್ನು ಬಲತುದಿಯ ಅಂಕಿಯಾಗಿ ಎಣಿಸುತ್ತದೆ.